ಎರಡರಲ್ಲಿ ಯಾವುದಾದರೂ ಸರಿ

ಜನವರಿ 9

ತಮ್ಮಾ,

ಫೋನು ಎತ್ತುವುದಿಲ್ಲ, ಮೇಲ್‌ಗೆ ಉತ್ತರವಿಲ್ಲ. ಹಾಗಾಗಿ ಕಾಗದ. ಮನೆಗೆ ಕಳಿಸಿದರೆ ಒಡೆಯದೆಯೇ ಎಸೆದೀಯ ಅಂತ ಬೇಕೆಂದೇ ನಿನ್ನ ಆಫೀಸಿನ ವಿಳಾಸಕ್ಕೆ ಹಾಕಿದ್ದೇನೆ. ಪಕ್ಕದ ಮೇಜಿನವರು “ಯಾರದ್ದು ಕಾಗದ?” ಅಂತ ಕೇಳುತ್ತಾರೆ, ಆಗ ಒಡೆಯಲೇಬೇಕಾಗುತ್ತದೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಹಳೆಯ ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಆಸ್ಪತ್ರೆಯ ನನ್ನ ಕೋಣೆಗೆ ನೀನು ಜೋಡಿಸಿಕೊಟ್ಟಿದ್ದ ಕಂಪ್ಯೂಟರು ಆರನೇ ತಾರೀಖು ಬೆಳಗ್ಗೆ ಸುಟ್ಟ ವಾಸನೆ ಬಿಟ್ಟು ಸತ್ತಿತು. ಒಳಗಿನ ಎರಡು ಡಿಸ್ಕು ಮಾತ್ರ ಉಳಿದಿವೆ. ಅದೇ, ‘ಕನ್ನಡಿ ಜೋಡಿ’ ಅಂತ ಕೊಚ್ಚಿಕೊಳ್ಳುತ್ತಿದ್ದೆಯಲ್ಲ, ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ, ಒಂದು ಕೆಟ್ಟರೆ ಇನ್ನೊಂದಿದೆ ಅಂತ. ಆಸ್ಪತ್ರೆಯವರು ಹೊಸ ಕಂಪ್ಯೂಟರ್ ಕೊಟ್ಟರು. ಅದರಲ್ಲಿರುವುದು ಬೇರೆ ಆಪರೇಟಿಂಗ್ ಸಿಸ್ಟಮ್. ನಿನ್ನ ಡಿಸ್ಕನ್ನು ಹಳೆ ಪೆಟ್ಟಿಗೆಯಿಂದ ಬಿಚ್ಚದೆ ಕೇಬಲ್ಲಿನಿಂದ ಸಿಕ್ಕಿಸಿದರೆ ಅದಕ್ಕೆ ಗುರುತೇ ಹತ್ತುವುದಿಲ್ಲ. “ಈ ಡಿಸ್ಕ್ ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?” ಅಂತ ಕೇಳುತ್ತದೆ. ಫಾರ್ಮ್ಯಾಟ್ ಅಂದರೆ ಪೂರ್ತಿ ಒರೆಸಿಹಾಕುವುದು ಅಂತ ನನಗೂ ಗೊತ್ತು. ಬೇಡ ಅಂತ ಒತ್ತಿದೆ. ಮತ್ತೆ ಕೇಳಿತು. ಹನ್ನೆರಡು ಸಲ ಬೇಡ ಅಂದಿದ್ದೇನೆ. ಇಲ್ಲಿನ ಕಂಪ್ಯೂಟರ್ ವಿಭಾಗದವನು ಬಂದು ನೋಡಿ, “ಇದು ನಮ್ಮ ಸಿಸ್ಟಮ್ ಅಲ್ಲ ಮೇಡಂ. ಯಾರು ಹಾಕಿದ್ರೋ ಅವರನ್ನೇ ಕೇಳಿ,” ಅಂತ ಕೈ ತೊಳೆದುಕೊಂಡ.

ಅವಸರ ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನಲ್ಲಿ ಮಾತಿನ ಚಿಕಿತ್ಸೆಗೆ ಬರುವವರಲ್ಲಿ ಒಬ್ಬರು ಈಜು ಕಲಿಸುತ್ತಿದ್ದವರು, ಎಲ್ಲರೂ ಈಜು ಮಾಸ್ತರು ಅನ್ನುತ್ತೇವೆ. ಗಂಟಲಲ್ಲಿ ಗಡ್ಡೆ ಬಂದು ಕಳೆದ ಆಗಸ್ಟಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರಾಟ ಕತ್ತಿನಲ್ಲಿರುವ ತೂತಿನಿಂದ. ನೀರಿಗಿಳಿಯುವ ಹಾಗಿಲ್ಲ, ಸೀಟಿ ಊದುವ ಹಾಗೂ ಇಲ್ಲ. ಆಪರೇಷನ್ನಿಗೆ ಮುಂಚೆ ಜೂನ್ ಜುಲೈಯಲ್ಲಿ ಹನ್ನೊಂದು ದಿನ ಕೂರಿಸಿಕೊಂಡು ಅವರ ಧ್ವನಿಯಲ್ಲಿ ಆರುನೂರ ಹನ್ನೆರಡು ವಾಕ್ಯ ಓದಿಸಿ ಹಿಡಿದಿಟ್ಟಿದ್ದೇನೆ. ಅದನ್ನು ಕೊಟ್ಟರೆ ಒಂದು ಕಂಪನಿಯವರು ಅಂಗೈ ಅಗಲದ ಯಂತ್ರ ಮಾಡಿಕೊಡುತ್ತಾರೆ. ಅವರು ಬೆರಳಲ್ಲಿ ಏನು ಬರೆದರೂ ಅದು ಅವರದೇ ಧ್ವನಿಯಲ್ಲಿ ಹೇಳುತ್ತದೆ. ಮುನ್ನೂರು ವಾಕ್ಯವಾದರೂ ಬೇಕು, ಮಾರ್ಚ್ ಕೊನೆಯೊಳಗೆ.

ಮನೆಯಲ್ಲಿ ಅವರ ತಾಯಿ ಇದ್ದಾರೆ. ಎಂಬತ್ತಾರು ವರ್ಷ, ಎರಡು ಕಣ್ಣೂ ಕಾಣುವುದಿಲ್ಲ. ಮಗ ಹಲಗೆಯ ಮೇಲೆ ಬರೆದದ್ದನ್ನು ಎಲ್ಲರೂ ಓದುತ್ತಾರೆ, ಅವರೊಬ್ಬರನ್ನು ಬಿಟ್ಟು. ಐದು ತಿಂಗಳಿಂದ ಆ ಮನೆಯಲ್ಲಿ ಮಗ ತಾಯಿಯ ಜೊತೆ ಒಂದು ಮಾತು ಆಡಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಬೇಡ. ಏನು ಮಾಡಬೇಕು ಅಂತ ಬರಿ.

ಅಕ್ಕ

*

ಜನವರಿ 21

ಅಕ್ಕ,

ಪಕ್ಕದ ಮೇಜಿನವರು ಕೇಳಿದರು. ಒಡೆದೆ.

ಕೆಲಸದ ವಿಷಯ ಮಾತ್ರ ಬರೆಯುತ್ತೇನೆ, ನೀನೂ ಅಷ್ಟನ್ನೇ ಬರಿ. ಫೋನು ಬೇಡ. ಫೋನಲ್ಲಾದರೆ ಮೂರನೇ ನಿಮಿಷಕ್ಕೆ ನಾವಿಬ್ಬರೂ ಎಲ್ಲಿಗೆ ಹೋಗಿ ನಿಲ್ಲುತ್ತೇವೆ ಅಂತ ಇಬ್ಬರಿಗೂ ಗೊತ್ತು.

ನನ್ನ ಡಿಸ್ಕಿಗೆ ಏನೂ ಆಗಿಲ್ಲ. ನಿಮ್ಮ ಆಸ್ಪತ್ರೆಯ ಸಿಸ್ಟಮ್ ತನ್ನ ಲಿಪಿ ಬಿಟ್ಟು ಬೇರೆ ಯಾವುದನ್ನೂ ಓದುವುದಿಲ್ಲ, ಓದಲು ಬರದಿದ್ದರೆ ಒರೆಸಲೇ ಅಂತ ಕೇಳುತ್ತದೆ. ಅದರ ಸಂಸ್ಕಾರ ಅಷ್ಟೇ. ದಾರಿ ಹೀಗಿದೆ. ಎರಡು ಡಿಸ್ಕಿನಲ್ಲಿ ಒಂದನ್ನು ಕಪಾಟಿನಲ್ಲಿಟ್ಟು ಬೀಗ ಹಾಕು. ಇನ್ನೊಂದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸು, ಈ ಸಲ ಫಾರ್ಮ್ಯಾಟಿಗೆ ಒಪ್ಪಿಕೋ. ಈಗ ಅದು ಖಾಲಿ, ಹೊಸ ಸಿಸ್ಟಮ್ಮಿನ ಲಿಪಿಯಲ್ಲಿದೆ. ಲಕೋಟೆಯಲ್ಲಿ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ, ಅದರಲ್ಲಿ ಎರಡು ಲಿಪಿಯೂ ಬಲ್ಲ ನನ್ನ ಸಿಸ್ಟಮ್ ಇದೆ. ಕಂಪ್ಯೂಟರನ್ನು ಆ ಪೆನ್ ಡ್ರೈವಿನಿಂದ ಶುರು ಮಾಡಿ, ಕಪಾಟಿನ ಡಿಸ್ಕಿನಿಂದ ಖಾಲಿ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡು. ಮುಗಿದ ಮೇಲೆ ಕಪಾಟಿನದನ್ನೂ ಫಾರ್ಮ್ಯಾಟ್ ಮಾಡಿ ಹೊಸ ಜೋಡಿ ಕಟ್ಟಬಹುದು.

ಮೊದಲು ಯಾವುದನ್ನು ಒರೆಸಲಿ ಅಂತ ತಲೆ ಕೆಡಿಸಿಕೊಳ್ಳಬೇಡ. ಎರಡರಲ್ಲಿ ಯಾವುದಾದರೂ ಸರಿ.

ತಮ್ಮ

*

ಫೆಬ್ರವರಿ 2

ತಮ್ಮಾ,

ಅಬ್ಬಾ, ಏನು ಸುಲಭವಾಗಿ ಬರೆದುಬಿಟ್ಟೆ. ‘ಪೆನ್ ಡ್ರೈವಿನಿಂದ ಶುರು ಮಾಡಿ’. ಆನ್ ಮಾಡಿದ ಕೂಡಲೇ ಯಾವುದೋ ಒಂದು ಕೀಲಿ ಒತ್ತಬೇಕಂತೆ, ಅದನ್ನು ನೀನು ಬರೆದಿಲ್ಲ. ಕಂಪ್ಯೂಟರ್ ವಿಭಾಗದವನಿಗೆ ಗೋಗರೆದು ತಿಳಿದುಕೊಂಡೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಒತ್ತಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಮೂರು ದಿನ ಊಟದ ಬಿಡುವು ಅದಕ್ಕೇ ಹೋಯಿತು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು ನನ್ನ ಬೈಗುಳ ಕೇಳಿಸಿಕೊಂಡಿದ್ದಾರೆ. ತೊದಲು ಬಿಡಿಸಿಕೊಳ್ಳಲು ಬರುವ ಗುಮಾಸ್ತರೊಬ್ಬರು, “ನೀವು ಬೈಯೋವಾಗ ಒಂದು ಅಕ್ಷರವೂ ತಪ್ಪಲ್ಲ,” ಅಂತ ಹೊಗಳಿದರು.

ಡಿಸ್ಕು ಬಿಚ್ಚಲು ಹೋದರೆ ಎಂಟು ಸ್ಕ್ರೂ, ಅದರಲ್ಲಿ ಒಂದು ನೀನೇ ತಲೆ ಸವೆಸಿಟ್ಟದ್ದು. ಎಡಗೈ ಹೆಬ್ಬೆರಳು ಕೊಯ್ದುಕೊಂಡಿದೆ. ಅಂತೂ ಎರಡೂ ಹೊರಗೆ ಬಂದು ಮೇಜಿನ ಮೇಲೆ ಕೂತಿವೆ. ಎರಡಕ್ಕೂ ನೀನೇ ಅಂಟಿಸಿದ ಚೀಟಿ: ಒಂದರ ಮೇಲೆ ‘ಎಡ’, ಇನ್ನೊಂದರ ಮೇಲೆ ‘ಬಲ’.

ನಾನಿನ್ನೂ ಒರೆಸಿಲ್ಲ. ಕೈ ಬರುತ್ತಿಲ್ಲ. ಒಂದು ಪ್ರಶ್ನೆಗೆ ನೇರ ಉತ್ತರ ಕೊಡು. ಎರಡರಲ್ಲಿ ಒಂದು ನನಗೆ ಗೊತ್ತಾಗದ ಹಾಗೆ ಯಾವತ್ತೋ ಕೆಟ್ಟಿದ್ದರೆ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇವೆ. ಈಜು ಮಾಸ್ತರು ಪ್ರತಿ ಮಂಗಳವಾರ ಬರುತ್ತಾರೆ. ಹಲಗೆಯ ಮೇಲೆ ‘ಸಿಕ್ಕಿತೇ’ ಅಂತ ಬರೆದು ನನ್ನ ಮುಂದೆ ಹಿಡಿಯುತ್ತಾರೆ. ಒರೆಸದೆ ಹಾಗೇ ಹಿಡಿದುಕೊಂಡಿರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಒಂದು ಸಾಲು ಸಾಕು.

ಅಕ್ಕ

*

ಫೆಬ್ರವರಿ 9

ಅಕ್ಕ,

ಹೆದರಬೇಡ. ಒಂದು ಕೆಟ್ಟರೆ ಕಂಪ್ಯೂಟರು ಸುಮ್ಮನೆ ಕೂರುವುದಿಲ್ಲ, ಪ್ರತಿ ರಾತ್ರಿ ತಾನೇ ತಪಾಸಣೆ ಮಾಡಿ ನನಗೆ ಮೇಲ್ ಕಳಿಸುತ್ತದೆ. ಹಾಗಂತ ನಾನೇ ಏರ್ಪಾಡು ಮಾಡಿದ್ದೆ. ಒಂದೂ ಬಂದಿಲ್ಲ. ಅಂದರೆ ಎರಡೂ ಗಟ್ಟಿಯಾಗಿವೆ ಅಂತ ಅರ್ಥ.

ಎಡದ್ದನ್ನು ಒರೆಸು. ಬಲದ್ದನ್ನಾದರೂ ಒರೆಸು. ಇಷ್ಟು ವರ್ಷ ನನ್ನ ಕೆಲಸ ನೋಡಿದ ಮೇಲೂ ನಿನಗೆ ನನ್ನ ಮೇಲೆ ನಂಬಿಕೆ ಬರಲಿಲ್ಲವಲ್ಲ ಅಂತ ಬೇಜಾರು. ಸ್ಕ್ರೂ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ.

ತಮ್ಮ

*

ಫೆಬ್ರವರಿ 17, ಮಂಗಳವಾರ

ಎಡದ್ದನ್ನು ಒರೆಸಿದೆ. ನೀನು ಹೇಳಿದ ಹಾಗೇ ಕಪಾಟಿನಿಂದ ಬಲದ್ದನ್ನು ತೆಗೆದು ನಕಲಿಗೆ ಹಾಕಿದೆ. ಐದು ಗಂಟೆ ಹೊತ್ತು ನಡೆಯಿತು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಈಜು ಮಾಸ್ತರು ಎದುರಿನ ಕುರ್ಚಿಯಲ್ಲೇ ಇದ್ದರು. ಅವರಿಗೆ ತೋರಿಸೋಣ ಅಂತ ಅವರ ಫೋಲ್ಡರ್ ಹುಡುಕಿದೆ. ಇಲ್ಲ. ಅವರ ಮುಂದಿನವರದ್ದೂ ಇಲ್ಲ, ಹಿಂದಿನವರದ್ದೂ ಇಲ್ಲ. ಬಲದ ಡಿಸ್ಕಿನಲ್ಲಿ ಇರುವುದೆಲ್ಲ ಹೋದ ವರ್ಷದ ಹಿಂದಿನ ಡಿಸೆಂಬರ್ ನಾಲ್ಕರವರೆಗೆ ಮಾತ್ರ. ಅಲ್ಲಿಂದಾಚೆಗೆ ಒಂದು ಕಡ್ಡಿಯೂ ಬರೆದಿಲ್ಲ.

ಕಂಪ್ಯೂಟರು ಸಾಯುವವರೆಗೆ ಹದಿಮೂರು ತಿಂಗಳು ಎಡದ್ದು ಒಂದೇ ಕೆಲಸ ಮಾಡುತ್ತಿತ್ತು. ಅದನ್ನೇ ನಾನು ನನ್ನ ಕೈಯಾರೆ ಒರೆಸಿದೆ.

ಎರಡು ಕಡೆ ಇದೆಯಲ್ಲ ಎಂಬ ಧೈರ್ಯದಲ್ಲಿ ರೆಕಾರ್ಡರಿನ ಕಾರ್ಡನ್ನು ಆಗಿಂದಾಗ್ಗೆ ಖಾಲಿ ಮಾಡುತ್ತಿದ್ದೆ. ಬೇರೆ ಎಲ್ಲೂ ಇಲ್ಲ. ನಾಲ್ಕು ಸಲ ಫೋನು ಮಾಡಿದೆ. ಎತ್ತಲಿಲ್ಲ ನೀನು.

ಅವರು ನನ್ನ ಮುಖ ನೋಡಿ ಹಲಗೆಯನ್ನು ತಾವೇ ಒರೆಸಿಕೊಂಡು ಎದ್ದು ಹೋದರು.

*

ಫೆಬ್ರವರಿ 24

ಅಕ್ಕ,

ಎಡದ ಡಿಸ್ಕಿಗೆ ಇನ್ನು ಒಂದಕ್ಷರವನ್ನೂ ಬರೆಯಬೇಡ. ತಕ್ಷಣ ಬಿಚ್ಚಿ, ದಪ್ಪ ಬಟ್ಟೆಯಲ್ಲಿ ಸುತ್ತಿ ನನಗೆ ಕಳಿಸು. ಫಾರ್ಮ್ಯಾಟ್ ಆದರೂ ಅಡಿಯಲ್ಲಿ ಹಳೆಯದು ಉಳಿದಿರುತ್ತದೆ, ಮೇಲೆ ಬೇರೆ ಬರೆದ ಕಡೆ ಮಾತ್ರ ಹೋಗಿರುತ್ತದೆ. ಐದು ಗಂಟೆಯ ನಕಲು ಎಷ್ಟನ್ನು ತಿಂದಿದೆಯೋ ನೋಡಬೇಕು.

ಬಲದ್ದು ಯಾಕೆ ನಿಂತುಹೋಯಿತು ಎಂದರೆ, ಕೇಬಲ್ ಸಡಿಲವಾಗಿರಬಹುದು. ಆ ಜಾತಿಯ ಕೇಬಲ್ಲಿನಲ್ಲಿ ಕೊಂಡಿ ಸವೆಯುತ್ತದೆ. ಕೋಣೆ ಗುಡಿಸುವವರು ಪೆಟ್ಟಿಗೆಯನ್ನು ಜರುಗಿಸಿದ್ದರೂ ಆಗಿರಬಹುದು. ಕೇಬಲ್ಲನ್ನೂ ಜೊತೆಗೇ ಕಳಿಸು, ನೋಡುತ್ತೇನೆ.

ತಮ್ಮ

*

ಮಾರ್ಚ್ 1

ತಮ್ಮಾ,

ಡಿಸ್ಕು ಕಳಿಸಿದ್ದೇನೆ. ಕೇಬಲ್ಲನ್ನೂ ಇಟ್ಟಿದ್ದೇನೆ, ಕುತ್ತಿಗೆಗೆ ಸುತ್ತಿಕೋ. ಕೋಣೆ ಗುಡಿಸುವವಳ ಮೇಲೆ ಹಾಕಲು ನಿನಗೆ ನಾಚಿಕೆಯಾಗಲಿಲ್ಲವೇ? ನಾನು ಕೇಳಿದ್ದು ಯಾಕೆ ಕೆಟ್ಟಿತು ಅಂತ ಅಲ್ಲ. ಕೆಟ್ಟದ್ದು ಯಾಕೆ ಗೊತ್ತಾಗಲಿಲ್ಲ ಅಂತ. ಪ್ರತಿ ರಾತ್ರಿ ತಪಾಸಣೆ ಮಾಡಿ ಮೇಲ್ ಕಳಿಸುತ್ತದೆ ಅಂದಿದ್ದೆಯಲ್ಲ, ಅದು ಏನಾಯಿತು? ಕೇಬಲ್ಲಿನ ಬಗ್ಗೆ ಇಷ್ಟು ಬರೆದಿದ್ದೀಯ, ಅದರ ಬಗ್ಗೆ ತುಟಿ ಪಿಟಕ್ ಅಂದಿಲ್ಲ.

ಹೋದ ಭಾನುವಾರ ಮಾಸ್ತರರ ಮನೆಗೆ ಹೋಗಿದ್ದೆ. ತಪ್ಪೊಪ್ಪಿಕೊಳ್ಳೋಣ ಅಂತ. ಎರಡನೇ ಮಹಡಿ, ಉದ್ದ ಓಣಿ, ಓಣಿಯ ಗೋಡೆಗುಂಟ ತಾಯಿ ಹಿಡಿದು ನಡೆಯಲೆಂದು ಹಗ್ಗ ಕಟ್ಟಿದ್ದಾರೆ. ಕಂಪನಿಯವರು ಸದ್ಯಕ್ಕೆ ಬೇರೆ ಯಾರದೋ ಧ್ವನಿ ಹಾಕಿ ಯಂತ್ರವನ್ನು ಕೊಟ್ಟಿದ್ದರಂತೆ. ಮಾಸ್ತರು ನನ್ನೆದುರಿಗೆ ಅದರಲ್ಲಿ ‘ಅಮ್ಮ, ಆಸ್ಪತ್ರೆಯವರು ಬಂದಿದ್ದಾರೆ’ ಅಂತ ಬರೆದು ಒತ್ತಿದರು. ಅಜ್ಜಿ ಕೂತಲ್ಲೇ ಮುದುಡಿಕೊಂಡರು. “ಆ ಗಂಡಸು ಇನ್ನೂ ಹೋಗಿಲ್ವಾ? ಯಾರವನು? ನನ್ನನ್ನ ಅಮ್ಮ ಅಂತಾನೆ,” ಅಂತ ನನ್ನ ಕೈ ಹುಡುಕಿ ಹಿಡಿದುಕೊಂಡು, ಪಿಸುಮಾತಲ್ಲಿ ಕೇಳಿದರು, “ನೀನಾದ್ರೂ ನಿಜ ಹೇಳಮ್ಮ. ನನ್ನ ಮಗ ಆಪರೇಷನ್ನಲ್ಲಿ ಹೋಗಿಬಿಟ್ಟನಾ? ಇವರೆಲ್ಲ ಸೇರಿ ನನ್ನ ಹತ್ರ ಮುಚ್ಚಿಡ್ತಿದ್ದಾರಾ?”

ಇಲ್ಲಜ್ಜಿ, ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ ಅಂದೆ. ಮಾಸ್ತರು ತಾಯಿಯ ಕೈ ಒತ್ತಿದರು. ಅಜ್ಜಿ ಕೊಡವಿಕೊಂಡರು. “ಕೈ ಯಾರು ಬೇಕಾದ್ರೂ ಒತ್ತಬಹುದು. ಬಾಯಿ ಬಿಟ್ಟು ಹೇಳಲಿ,” ಅಂದರು. ಮಾಸ್ತರು ಯಂತ್ರವನ್ನು ಆರಿಸಿ ಮೇಜಿನ ಡ್ರಾಯರಿಗೆ ಹಾಕಿದರು. ನಾನು ತಂದಿದ್ದ ಕ್ಷಮಾಪಣೆಯ ಮಾತುಗಳನ್ನು ಹಾಗೇ ನುಂಗಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಬಂದು ರಸ್ತೆಯಲ್ಲೇ ಅತ್ತೆ, ತಿಳಿಯಿತೇ? ಜನ ನೋಡುತ್ತಿದ್ದರು.

ನನ್ನ ಪ್ರಶ್ನೆಗೆ ಉತ್ತರ ಬರಿ.

ಅಕ್ಕ

*

ಮಾರ್ಚ್ 20

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ.

ಮೇಲ್ ಬಂದಿತ್ತು. ಮುನ್ನೂರ ತೊಂಬತ್ತೇಳು. ಡಿಸೆಂಬರ್ ಐದರಿಂದ ಶುರುವಾಗಿ, ಕಂಪ್ಯೂಟರು ಸತ್ತ ಹಿಂದಿನ ರಾತ್ರಿಯವರೆಗೆ, ಒಂದು ರಾತ್ರಿಯೂ ತಪ್ಪದೆ. ಎಲ್ಲದರಲ್ಲೂ ಒಂದೇ ಸಾಲು: ಜೋಡಿಯಲ್ಲಿ ಒಂದು ಡಿಸ್ಕು ಕಳಚಿಕೊಂಡಿದೆ, ಗಮನಿಸಿ.

ಆ ಕಂಪ್ಯೂಟರನ್ನು ನಿನ್ನ ಮೇಲ್ ವಿಳಾಸದಿಂದಲೇ ಕಳಿಸುವ ಹಾಗೆ ಇಟ್ಟಿದ್ದೆ. ಅಮ್ಮ ಹೋದ ಮೇಲೆ, ಆ ಅಕ್ಟೋಬರಿನಲ್ಲಿ ನಮ್ಮ ಜಗಳವಾದ ದಿನ, ನಿನ್ನ ವಿಳಾಸದಿಂದ ಏನೇ ಬಂದರೂ ನನ್ನ ಕಣ್ಣಿಗೆ ಬೀಳದೆ ಒಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿದ್ದೆ. ನಿನ್ನ ಬಾಯಿ ಮುಚ್ಚಿಸಿದೆ ಅಂದುಕೊಂಡೆ. ಕಂಪ್ಯೂಟರೂ ಅದೇ ಬಾಯಿಯಿಂದ ಮಾತಾಡುತ್ತದೆ ಅನ್ನುವುದು ನೆನಪಿಗೇ ಬರಲಿಲ್ಲ. ಒಂದೂ ಬಂದಿಲ್ಲ ಅಂತ ನಿನಗೆ ಬರೆದಾಗ ನಾನು ಸುಳ್ಳು ಹೇಳುತ್ತಿರಲಿಲ್ಲ, ಅಷ್ಟು ಮಾತ್ರ ನಿಜ. ನಿನ್ನ ಹದಿನೇಳರ ಕಾಗದ ಕೈಸೇರಿದ ದಿನ ಫೋಲ್ಡರ್ ತೆರೆದೆ. ಕೇಬಲ್ಲಿನ ಬಗ್ಗೆ ಬರೆದಾಗ ಎಲ್ಲವೂ ಗೊತ್ತಿತ್ತು. ಗುಡಿಸುವವರ ಬಗ್ಗೆ ಬರೆದಾಗಲೂ ಗೊತ್ತಿತ್ತು.

ಆ ರಾಶಿಯ ನಡುವೆ ನಿನ್ನವು ಹನ್ನೊಂದಿದ್ದವು. ಮೂರನೆಯದರಲ್ಲಿ, ಬೆಳಗಾಗುವವರೆಗೂ ಕಾದೆ, ನಿನ್ನ ಫೋನು ಆಫ್ ಇತ್ತು, ಶವಾಗಾರದವರು ಅಮ್ಮನ ದೇಹವನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಅಂದರು ಅಂತ ಬರೆದಿದ್ದೀಯ. ಆಫ್ ಇತ್ತು, ಹೌದು. ರೈಲಿನಲ್ಲಿ ಮಲಗೋಣ ಅಂತ ನಾನೇ ಆಫ್ ಮಾಡಿದ್ದೆ. ಅದನ್ನು ನಾನು ಯಾರಿಗೂ ಹೇಳಿಲ್ಲ. ಅಮ್ಮನ ಮುಖ ನೋಡಲು ಬಿಡಲಿಲ್ಲ ನೀನು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನೀನು ಇನ್ನೂ ಸ್ವಲ್ಪ ಕಾಯಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಅದನ್ನೂ ಮುಚ್ಚಿಡುವುದಿಲ್ಲ.

ಡಿಸ್ಕನ್ನು ಇಲ್ಲಿ ಈ ಕೆಲಸ ಬಲ್ಲ ಒಬ್ಬರ ಹತ್ತಿರ ಕೊಟ್ಟು, ಹದಿನೈದು ದಿನ ರಜೆ ಹಾಕಿ ಅವರ ಪಕ್ಕದಲ್ಲೇ ಕೂತಿದ್ದೆ. ಮಾಸ್ತರರ ಆರುನೂರ ಹನ್ನೆರಡರಲ್ಲಿ ನಲವತ್ತೇಳು ಪೂರ್ತಿಯಾಗಿ ಸಿಕ್ಕಿವೆ. ಉಳಿದದ್ದರಲ್ಲಿ ಕರಕರ ಸದ್ದು ಬಿಟ್ಟರೆ ಏನಿಲ್ಲ. ನಲವತ್ತೇಳರಿಂದ ಯಂತ್ರದ ಧ್ವನಿ ಆಗುವುದಿಲ್ಲ ಅಂತ ಗೊತ್ತು. ಆದರೂ ಕಳಿಸಿದ್ದೇನೆ. ಇನ್ನೂ ಹುಡುಕುತ್ತಿದ್ದೇನೆ, ಬಿಟ್ಟಿಲ್ಲ.

ಇದನ್ನು ನೀನು ಅವರಿಗೆ ತೋರಿಸಿದರೂ ಸರಿ.

ತಮ್ಮ

*

ಏಪ್ರಿಲ್ 6

ಮಾನ್ಯರೇ,

ನಾನು ನಿಮ್ಮ ಅಕ್ಕನವರ ರೋಗಿ, ಈಜು ಕಲಿಸುತ್ತಿದ್ದವನು. ಅವರು ನಿಮ್ಮ ಕಾಗದವನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತರು. ಓದಿ ವಾಪಸು ಕೊಟ್ಟೆ. ನಿಮಗೆ ಉತ್ತರ ಬರೆಯುತ್ತಾರೋ ಇಲ್ಲವೋ ತಿಳಿಯದು. ನಾನು ಕೇಳಲಿಲ್ಲ. ಹಲಗೆಯ ಮೇಲೆ ಬರೆದು ಕೇಳುವಂಥ ಪ್ರಶ್ನೆಯಲ್ಲ ಅದು.

ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ. ಆಗುತ್ತಿಲ್ಲ. ಮೂವತ್ತೊಂದು ವರ್ಷ ಕೊಳದ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಕೂಗಿದವನು ನಾನು. ಈಗ ದಡದಲ್ಲಿ ಕೂತು, ಮಕ್ಕಳು ತಪ್ಪಾಗಿ ಕೈ ಬೀಸಿದರೆ ರಬ್ಬರ್ ಚಪ್ಪಲಿಯನ್ನು ನೆಲಕ್ಕೆ ಬಡಿಯುತ್ತೇನೆ. ಆರೆಂಟು ಸಲ ಬಡಿದ ಮೇಲೆ ಒಂದು ಮಗು ತಿರುಗಿ ನೋಡುತ್ತದೆ. ನಿಮಗೆ ಮುನ್ನೂರ ತೊಂಬತ್ತೇಳು ಸಲ ಬಡಿದರೂ ಸಾಲಲಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ನಲವತ್ತೇಳು ಬಂದು ಮುಟ್ಟಿದವು. ಕಂಪನಿಯವರು ಸಾಧ್ಯವಿಲ್ಲ ಎಂದರು. ನಿಮ್ಮ ಅಕ್ಕ ಅವನ್ನು ಹಾಗೇ ಒಂದು ಸಣ್ಣ ಪೆಟ್ಟಿಗೆಗೆ ತುಂಬಿಕೊಟ್ಟಿದ್ದಾರೆ, ಒತ್ತಿದರೆ ಒಂದೊಂದು ವಾಕ್ಯ ಬರುತ್ತದೆ. ಎಲ್ಲ ಅಕ್ಷರಗಳೂ ಬರಲೆಂದು ಹೊಸೆದ ವಾಕ್ಯಗಳು, ಒಂದಕ್ಕೂ ತಲೆ ಬುಡ ಇಲ್ಲ. ಮನೆಗೆ ತಂದು ಮೊದಲು ಕೈಗೆ ಸಿಕ್ಕಿದ್ದನ್ನು ಒತ್ತಿದೆ. “ಹಳದಿ ಛತ್ರಿಯನ್ನು ಬಾಗಿಲ ಹಿಂದೆ ತೂಗುಹಾಕು.”

ಅಮ್ಮ ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಹಗ್ಗ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದು ಬಂದು ಬಾಗಿಲ ಹಿಂದೆ ತಡಕಾಡಿದಳು. “ಇಲ್ಲಿ ಛತ್ರಿ ಎಲ್ಲಿದೆಯೋ?” ಅಂದಳು. ಏಳು ತಿಂಗಳ ನಂತರ ನನ್ನ ಮಾತಿಗೆ ಅಮ್ಮ ಉತ್ತರ ಕೊಟ್ಟದ್ದು. ನನಗೆ ಏನು ಮಾಡಬೇಕೋ ತೋಚದೆ ಇನ್ನೊಂದು ಒತ್ತಿದೆ. “ನಾಳೆಗೆ ಹನ್ನೆರಡು ಕುರ್ಚಿ ಬೇಕಾಗುತ್ತದೆ.” ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. “ಇಷ್ಟು ದಿನ ಎಲ್ಲಿ ಸತ್ತಿದ್ದೆಯೋ? ಬಂದವನೇ ಕುರ್ಚಿ ಕೇಳ್ತೀಯಲ್ಲೋ, ಯಾರು ಬರ್ತಾರೋ ಹನ್ನೆರಡು ಜನ?”

ಈಗ ದಿನವೂ ಹೀಗೇ ನಡೆಯುತ್ತದೆ. ಅವಳು ಏನೋ ಕೇಳುತ್ತಾಳೆ, ನಾನು ಏನೋ ಹೇಳುತ್ತೇನೆ. ಕಾಲು ನೋವು ಹೇಗಿದೆ ಅಂತ ಕೇಳಲು ಬೆಕ್ಕು ಗೋಡೆ ಹಾರಿತು ಅನ್ನುತ್ತೇನೆ. ಪಕ್ಕದ ಮನೆಯಾಕೆಯ ಹತ್ತಿರ, “ನನ್ನ ಮಗ ಬಂದಿದ್ದಾನೆ. ಆಪರೇಷನ್ ಆದ್ಮೇಲೆ ತಲೆ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ, ಪರವಾಗಿಲ್ಲ,” ಅಂತ ಹೇಳಿಕೊಂಡಿದ್ದಾಳೆ. ಪಕ್ಕದಾಕೆ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ನಕ್ಕಳು. ನಾನೂ ನಕ್ಕೆ, ಸದ್ದಿಲ್ಲದೆ.

ಆದರೆ ಪ್ರತಿ ಬೆಳಗ್ಗೆ ಎದ್ದ ಕೂಡಲೇ ಅವಳು ಒಂದೇ ಮಾತು ಕೇಳುತ್ತಾಳೆ. “ನೀನೇ ತಾನೇನೋ?” ಅದಕ್ಕೆ ನಲವತ್ತೇಳರಲ್ಲಿ ಉತ್ತರವಿಲ್ಲ. ಎಲ್ಲವನ್ನೂ ಒತ್ತಿ ನೋಡಿದ್ದೇನೆ. ಛತ್ರಿ, ಕುರ್ಚಿ, ಬೆಕ್ಕು ಏನು ಹೇಳಿದರೂ ಅವಳು ತಲೆಯಾಡಿಸಿ, ಮತ್ತೆ ಅದನ್ನೇ ಕೇಳುತ್ತಾಳೆ. ಕೈ ಒತ್ತಿದರೆ ಒಪ್ಪುವುದಿಲ್ಲ.

ಇನ್ನೂ ಹುಡುಕುತ್ತಿದ್ದೇನೆ ಅಂತ ಬರೆದಿದ್ದೀರಿ. ಹಾಗಾದರೆ ಹೀಗೆ ಮಾಡಿ. ಧ್ವನಿ ಕಟ್ಟುವ ಆಸೆಯನ್ನು ನಾನು ಬಿಟ್ಟಿದ್ದೇನೆ, ಮುನ್ನೂರು ಬೇಡ. ನಾಲ್ಕನೇ ದಿನ ರೆಕಾರ್ಡ್ ಮಾಡಿದ ಇನ್ನೂರ ಎಂಟನೇ ಫೈಲನ್ನು ಹುಡುಕಿ. ಆವತ್ತು ನನಗೆ ಕೆಮ್ಮು ಬಂದು ನಡುವೆ ನಿಲ್ಲಿಸಿದ್ದೆ. ನಿಮ್ಮ ಅಕ್ಕ “ಶುರು ಮಾಡೋಣವಾ?” ಅಂತ ಕೇಳಿದ್ದರು. ರೆಕಾರ್ಡರು ಆಗಲೇ ಓಡುತ್ತಿತ್ತು, ಆ ಭಾಗವನ್ನು ಆಮೇಲೆ ಕತ್ತರಿಸುತ್ತೇನೆ ಅಂದಿದ್ದರು. ಮೊನ್ನೆ ಕೇಳಿದೆ, ಕತ್ತರಿಸಿರಲಿಲ್ಲವಂತೆ. ವಾಕ್ಯ ಏನಿತ್ತೋ ನೆನಪಿಲ್ಲ, ಅದು ಹಾಳಾಗಿದ್ದರೂ ಚಿಂತೆಯಿಲ್ಲ. ಅದರ ಮುಂಚೆ, ಅವರ ಪ್ರಶ್ನೆಗೆ ನಾನು ‘ಹೂಂ’ ಅಂದಿದ್ದೇನೆ.

ಅದೊಂದು ಸಿಕ್ಕರೆ ಕಳಿಸಿ.

ಈಜು ಮಾಸ್ತರ